ರಾತ್ರಿ ಉಳಿದ ಅನ್ನ-ಸಾರು: ಎಷ್ಟು ಹೊತ್ತು ಇಡಬಹುದು, ಬಿಸಿ ಮಾಡಿದರೆ ಸಾಕಾ?

‘ಚೆನ್ನಾಗಿ ಕುದಿಸಿಬಿಟ್ರೆ ಏನೂ ಆಗಲ್ಲ ಬಿಡಿ.’ ಉಳಿದ ಅಡುಗೆ ವಿಷಯದಲ್ಲಿ ಎಲ್ಲರ ಮನೆಯಲ್ಲೂ ಕೇಳಿ ಬರುವ ಮಾತು ಇದು. ಸಾರಿಗೆ ಈ ಮಾತು ಅರ್ಧ ನಿಜ. ಅನ್ನಕ್ಕೆ ಮಾತ್ರ ಇದು ನಡೆಯೋದಿಲ್ಲ. ಬೇಸಿಗೆ ಸೆಕೆ, ಕರೆಂಟ್ ಕಟ್, ಮದುವೆ-ಗೃಹಪ್ರವೇಶದ ಊಟ ಎಲ್ಲ ಒಟ್ಟಿಗೆ ಬರುವ ದಿನಗಳಲ್ಲಿ ಇದನ್ನು ತಿಳಿದುಕೊಂಡಿದ್ದರೆ ಒಳ್ಳೇದು.

ಅನ್ನದಲ್ಲಿ ಏನಾಗುತ್ತೆ?

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಇದು ಮಣ್ಣಿನಿಂದ ಬರುವಂಥದ್ದು. ಎಷ್ಟು ತೊಳೆದರೂ ಪೂರ್ತಿ ಹೋಗಲ್ಲ, ಅನ್ನ ಬೆಂದರೂ ಬೀಜಕಣ ಸಾಯಲ್ಲ. ಬಿಸಿಬಿಸಿ ಅನ್ನ ಉಂಡಾಗ ಇದರಿಂದ ತೊಂದರೆ ಇಲ್ಲ. ಆದರೆ ಅದೇ ಅನ್ನವನ್ನು ಕುಕ್ಕರ್‌ನಲ್ಲೇ ಬಿಟ್ಟು ಮಲಗಿದರೆ, ಉಗುರುಬೆಚ್ಚಗಿನ ತೇವದಲ್ಲಿ ಬೀಜಕಣಗಳು ಮೊಳೆತು, ಬೆಳೆದು, ಒಂದು ವಿಷ ಬಿಡುತ್ತವೆ. ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದಾಗ ಬ್ಯಾಕ್ಟೀರಿಯಾ ಸಾಯಬಹುದು, ವಿಷ ಹೋಗಲ್ಲ. 100 ಡಿಗ್ರಿ ಕುದಿಯನ್ನೂ ಅದು ತಡೆದುಕೊಳ್ಳುತ್ತೆ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತೆ. ವಾಸನೆ, ರುಚಿ ನೋಡಿ ಕಂಡುಹಿಡೀತೀವಿ ಅನ್ನೋದೂ ನಂಬೋ ಮಾತಲ್ಲ. ಅನ್ನ ಅಂಟಿಲ್ಲ, ಹುಳಿ ವಾಸನೆ ಇಲ್ಲ ಅಂದರೂ ವಿಷ ಇರಬಹುದು.

1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚೈನೀಸ್ ಹೋಟೆಲುಗಳ ಫ್ರೈಡ್ ರೈಸ್ ತಿಂದವರಿಗೆ ಸಾಲುಸಾಲಾಗಿ ವಾಂತಿಯಾದಾಗ ಹೊರಬಿದ್ದ ಕಾರಣ ಇದೇ. ಅಲ್ಲಿ ಅನ್ನವನ್ನು ಮೊದಲೇ ರಾಶಿ ಬೇಯಿಸಿ, ಫ್ರಿಜ್‌ನಲ್ಲಿಟ್ಟರೆ ಮುದ್ದೆಯಾಗುತ್ತೆ ಅಂತ ಹೊರಗೇ ಬಿಟ್ಟು, ಗಿರಾಕಿ ಬಂದಾಗ ಬಾಣಲೆಗೆ ಹಾಕುತ್ತಿದ್ದರು. ನಮ್ಮ ಬಸ್ ಸ್ಟ್ಯಾಂಡ್ ಎದುರಿನ ಸಂಜೆ ಗಾಡಿಗಳಲ್ಲಿ ಮಧ್ಯಾಹ್ನ ಬೇಯಿಸಿದ ಅನ್ನ ಟಬ್‌ನಲ್ಲಿ ಕೂತಿರೋದನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಎರಡು ಗಂಟೆ ಲೆಕ್ಕ

ಬ್ಯಾಕ್ಟೀರಿಯಾಕ್ಕೆ ಅನುಕೂಲವಾದ ಬಿಸಿ 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನದು. ಅಂದರೆ ಒಲೆ ಮೇಲೂ ಇಲ್ಲದ, ಫ್ರಿಜ್ ಒಳಗೂ ಇಲ್ಲದ ಹೊತ್ತು. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹಾಗೆ ಬಿಡಬಾರದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಏಪ್ರಿಲ್-ಮೇ ಸೆಕೆಗೆ ಒಂದೇ ಗಂಟೆ ಅಂತ ಇಟ್ಟುಕೊಳ್ಳಿ. ಗಂಟೆ ಎಣಿಸಬೇಕಾದ್ದು ಅಡುಗೆ ಒಲೆಯಿಂದ ಇಳಿದಾಗಿನಿಂದ. ಮನೆಯವರ ಊಟ ಮುಗಿದಾಗಿನಿಂದ ಅಲ್ಲ. ಎಂಟಕ್ಕೆ ಅನ್ನ ಆಗಿ, ಅಂಗಡಿ ಬಾಗಿಲು ಹಾಕಿ ಯಜಮಾನರು ಹತ್ತೂವರೆಗೆ ಊಟಕ್ಕೆ ಬರುವ ಮನೆಗಳಲ್ಲಿ ಲೆಕ್ಕ ತಪ್ಪುವುದು ಇಲ್ಲೇ. ಅವರ ಪಾಲನ್ನು ಹಾಟ್‌ಬಾಕ್ಸ್‌ಗೆ ಹಾಕಿ, ಮಿಕ್ಕಿದ್ದನ್ನು ಒಂಬತ್ತಕ್ಕೇ ಒಳಗಿಡಿ. ಹಾಟ್‌ಬಾಕ್ಸ್ ಕೂಡ ಒಂದೆರಡು ಗಂಟೆಗೆ ಸರಿ. ಬೆಳಿಗ್ಗೆ ಕಟ್ಟಿದ್ದು ಸಂಜೆಗೆ ಬೆಚ್ಚಗಿದ್ದರೆ, ಆ ಬೆಚ್ಚಗೇ ತೊಂದರೆ.

ಬಿಸಿ ಪಾತ್ರೆ ಫ್ರಿಜ್‌ನಲ್ಲಿಟ್ಟರೆ ಫ್ರಿಜ್ ಕೆಡುತ್ತೆ ಅಂತ ರಾತ್ರಿಯೆಲ್ಲಾ ಆರಲು ಬಿಡುವವರಿದ್ದಾರೆ. ಕುದಿಯುವ ಪಾತ್ರೆಯನ್ನು ಹಾಗೇ ಇಡಬಾರದು ನಿಜ, ಪಕ್ಕದ ಹಾಲು-ಮೊಸರಿಗೂ ಬಿಸಿ ತಾಗುತ್ತೆ. ಆದರೆ ಪೂರ್ತಿ ತಣ್ಣಗಾಗುವ ತನಕ ಕಾಯಬೇಕಿಲ್ಲ. ಅನ್ನವನ್ನು ಅಗಲವಾದ ತಟ್ಟೆಗೆ ಹರಡಿ ಫ್ಯಾನ್ ಕೆಳಗಿಟ್ಟರೆ ಬೇಗ ಆರುತ್ತೆ. ಸಾರಿನ ಪಾತ್ರೆಯನ್ನು ತಣ್ಣೀರು ತುಂಬಿದ ಬೇಸಿನ್‌ನಲ್ಲಿಟ್ಟು ಆಗಾಗ ಸೌಟು ಆಡಿಸಿ. ಹಬೆ ನಿಂತ ಮೇಲೆ ಎರಡು-ಮೂರು ಚಿಕ್ಕ ಡಬ್ಬಿಗೆ ಹಂಚಿ ಒಳಗಿಡಿ. ದೊಡ್ಡ ಪಾತ್ರೆ ತುಂಬ ಇರುವ ಹುಳಿ ಮೇಲೆ ತಣ್ಣಗೆ ಕಂಡರೂ ನಡುವೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತೆ.

ಫ್ರಿಜ್ ಸೇರಿದ ಅನ್ನವನ್ನು ಮಾರನೇ ದಿನವೇ ಮುಗಿಸಿ. ತೊಗರಿಬೇಳೆ ಸಾರು, ಒಣ ಪಲ್ಯ ಮೂರು ದಿನ ಇರುತ್ತೆ. ತೆಂಗಿನಕಾಯಿ ರುಬ್ಬಿ ಹಾಕಿದ ಕೂಟು, ಮಜ್ಜಿಗೆಹುಳಿ, ಚಟ್ನಿ ಬೇಗ ಹಳಸುತ್ತವೆ. ಬಸ್ಸಾರು ಮಾರನೇ ದಿನವೇ ರುಚಿ ಅನ್ನೋರು ಅನ್ನಲಿ, ತಕರಾರಿಲ್ಲ, ರಾತ್ರಿ ಅದು ಫ್ರಿಜ್‌ನಲ್ಲಿದ್ದರೆ ಸಾಕು. ಖಡಕ್ ಜೋಳದ ರೊಟ್ಟಿಗೆ ಈ ಯಾವ ಚಿಂತೆಯೂ ಇಲ್ಲ. ನೀರಿನಂಶವೇ ಇಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯಲ್ಲ.

ಹುಣಸೆ, ನಿಂಬೆ, ಟೊಮ್ಯಾಟೊ ಬಿದ್ದದ್ದನ್ನು ಕಲಾಯಿ ಹೋದ ಹಿತ್ತಾಳೆ-ತಾಮ್ರದ ಪಾತ್ರೆಯಲ್ಲಿ ಇಡಬೇಡಿ, ಹುಳಿಗೆ ತಾಮ್ರ ಬಿಡುತ್ತೆ. ಸ್ಟೀಲ್ ಅಥವಾ ಗಾಜು ಸರಿ. ಹಿಂದಿನವರು ಎಂಜಲು-ಮುಸುರೆ ಅಂತ ಪ್ರತ್ಯೇಕ ಇಡುತ್ತಿದ್ದರಲ್ಲ, ಅದರಲ್ಲಿ ಒಂದು ಬುದ್ಧಿವಂತಿಕೆ ಇತ್ತು. ಕೈ ಹಾಕಿದ್ದು, ತಟ್ಟೆಯಿಂದ ವಾಪಸ್ ಸುರಿದದ್ದು ಬೇಗ ಕೆಡುತ್ತೆ.

ಬಿಸಿ ಮಾಡುವಾಗ

ಸಮಯಕ್ಕೆ ಸರಿಯಾಗಿ ಫ್ರಿಜ್ ಸೇರಿದ ಅಡುಗೆಯನ್ನು ಬಿಸಿ ಮಾಡಿ ಉಣ್ಣೋದು ಕ್ಷೇಮ. ಬೇಕಾದಷ್ಟನ್ನೇ ಬೇರೆ ಪಾತ್ರೆಗೆ ತೆಗೆದು, ಒಂದೇ ಸಲ ಬಿಸಿ ಮಾಡಿ. ಇಡೀ ಪಾತ್ರೆಯನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಕುದಿಸಿ ಆರಿಸೋದು ಗ್ಯಾಸಿಗೂ ದಂಡ. ಪ್ರತಿ ಸಲ ಆರುವಾಗ ಮತ್ತೆ ಆ ಉಗುರುಬೆಚ್ಚಗಿನ ಹೊತ್ತು ಬಂದೇ ಬರುತ್ತೆ.

ಸಾರು ಅಂಚಲ್ಲಿ ಗುಳ್ಳೆ ಬಂದರೆ ಸಾಲದು, ನಡುವೆ ಕೊತಕೊತ ಕುದಿಯಬೇಕು. ಕೋಳಿ-ಮಟನ್ ಸಾರಿಗೆ ಇದು ಮುಖ್ಯ. ಮಾಂಸದ ಸಾರು ನಿಧಾನಕ್ಕೆ ಆರುವಾಗ ಬೆಳೆಯುವ ಕ್ಲಾಸ್ಟ್ರಿಡಿಯಂ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ನಮ್ಮ ಹೊಟ್ಟೆ ಸೇರಿದ ಮೇಲೆ ವಿಷ ಬಿಡುವ ಜಾತಿ, ಹಾಗಾಗಿ ಕುದಿಸಿ ಕೊಂದರೆ ಅಲ್ಲಿ ಪ್ರಯೋಜನ ಇದೆ. ಮೊದಲೇ ಹೇಳಿದ ‘ಅರ್ಧ ನಿಜ’ ಇದು. ಅನ್ನಕ್ಕೆ ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿ, ಒಳಗಿನ ತನಕ ಹಬೆಯಾಡುವಂತೆ ಬಿಸಿ ಮಾಡಿ. ಮೈಕ್ರೋವೇವ್ ಇದ್ದವರು ಅರ್ಧದಲ್ಲಿ ನಿಲ್ಲಿಸಿ ಒಮ್ಮೆ ಕಲಸಿ, ಇಲ್ಲದಿದ್ದರೆ ಒಂದು ಕಡೆ ಸುಡುತ್ತೆ, ಇನ್ನೊಂದು ಕಡೆ ತಣ್ಣಗಿರುತ್ತೆ.

ಕರೆಂಟ್ ಹೋದರೆ

ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತೆ. ಅಷ್ಟರಲ್ಲಿ ಕರೆಂಟ್ ಬರದಿದ್ದರೆ ಅನ್ನ, ಮಾಂಸ, ಮೊಟ್ಟೆ ಅಡುಗೆ ಇಟ್ಟುಕೊಳ್ಳಬೇಡಿ. ಊರಿಗೆ ಹೋಗುವವರಿಗೆ ಒಂದು ಉಪಾಯ: ಒಂದು ಲೋಟ ನೀರು ಫ್ರೀಜರ್‌ನಲ್ಲಿ ಗಟ್ಟಿಯಾದ ಮೇಲೆ ಅದರ ಮೇಲೊಂದು ನಾಣ್ಯ ಇಡಿ. ವಾಪಸ್ ಬಂದಾಗ ನಾಣ್ಯ ತಳದಲ್ಲಿದ್ದರೆ, ನೀವಿಲ್ಲದಾಗ ಐಸ್ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಬಾಗಿಲಿನ ರಬ್ಬರ್ ಸಡಿಲವಾಗಿದ್ದರೆ ಬದಲಾಯಿಸಿ. ಒಳಗೆ ತಣ್ಣಗಾಗಲ್ಲ, ಮೀಟರ್ ಮಾತ್ರ ಓಡುತ್ತೆ. ಗೃಹಜ್ಯೋತಿ ಇರುವ ಮನೆಗೆ ಅದು ತಕ್ಷಣ ಗೊತ್ತಾಗದೆ ಇರಬಹುದು, ಅಂಗಡಿ ಬಿಲ್ಲಿನಲ್ಲಿ ಗೊತ್ತಾಗುತ್ತೆ.

ಮೂರು ರೂಪಾಯಿ ಅನ್ನ

ಅನ್ನ ಬಿಸಾಡಬಾರದು ಅನ್ನೋ ಸಂಸ್ಕಾರ ದೊಡ್ಡದು. ಆದರೆ ಆ ಸಂಸ್ಕಾರದ ಖರ್ಚು ಯಾರ ಮೇಲೆ ಬೀಳುತ್ತೆ ನೋಡಿ. ಎಲ್ಲರಿಗೂ ಬಿಸಿ ಬಡಿಸಿ, ನಿನ್ನೆಯದನ್ನು ‘ನಾನು ತಿಂತೀನಿ ಬಿಡಿ’ ಅಂತ ತಟ್ಟೆಗೆ ಹಾಕಿಕೊಳ್ಳೋದು ಬಹುತೇಕ ಮನೆಗಳಲ್ಲಿ ಹೆಂಗಸರೇ. ನಮ್ಮ ಮನೆಯಲ್ಲೂ ಹೀಗೇ ನಡೆದು, ರಾತ್ರಿಯೆಲ್ಲಾ ಕುಕ್ಕರ್‌ನಲ್ಲಿದ್ದ ಪಲಾವ್ ತಿಂದ ಅಮ್ಮ ಮಧ್ಯಾಹ್ನದ ಹೊತ್ತಿಗೆ ಗ್ಲೂಕೋಸ್ ಹಾಕಿಸಿಕೊಳ್ಳಬೇಕಾಯ್ತು. ಪಲಾವ್ ಇನ್ನೂ ಅರ್ಧ ಉಳಿದಿತ್ತು.

ಒಂದು ಬಟ್ಟಲು ಅನ್ನದಲ್ಲಿ ಇರೋದು ಸುಮಾರು 50 ಗ್ರಾಂ ಅಕ್ಕಿ. ಕೆಜಿಗೆ 55 ರೂಪಾಯಿ ಹಿಡಿದರೂ ಮೂರು ರೂಪಾಯಿ ಆಗಲ್ಲ. ಒಂದು ಡ್ರಿಪ್, ಒಂದು ದಿನದ ಕೂಲಿ ಅಥವಾ ಅರ್ಧ ದಿನ ಮುಚ್ಚಿದ ಅಂಗಡಿಯ ಲೆಕ್ಕ ನೀವೇ ಹಾಕಿ. ಉಳಿತಾಯ ಬೇಕಿದ್ದರೆ ಅದು ಅಕ್ಕಿ ಅಳೆಯುವಾಗ ಆಗಬೇಕು. ದಿನಾ ಆ ಒಂದು ಬಟ್ಟಲು ಕಡಿಮೆ ಇಟ್ಟರೆ ವರ್ಷಕ್ಕೆ 18 ಕೆಜಿ ಅಕ್ಕಿ, ಹತ್ತಿರ ಹತ್ತಿರ ಸಾವಿರ ರೂಪಾಯಿ. ಒಂದು ವಾರ ಎಷ್ಟು ಉಳೀತು ಅಂತ ಕ್ಯಾಲೆಂಡರ್ ಮೇಲೆ ಗುರುತು ಹಾಕಿ, ಪಾವಿನ ಅಳತೆ ತಾನೇ ಸರಿಹೋಗುತ್ತೆ.

ವಾಂತಿ-ಭೇದಿ ಶುರುವಾದರೆ

ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ದೊಡ್ಡ ಓಆರ್‌ಎಸ್ ಪ್ಯಾಕೆಟ್ ಪೂರ್ತಿ ಹಾಕಿ, ಗುಟುಕು ಗುಟುಕಾಗಿ ಕುಡಿಸಿ. ಚಿಕ್ಕ ಪ್ಯಾಕೆಟ್ಟಾದರೆ ಅದರ ಮೇಲೆ ಬರೆದಷ್ಟೇ ನೀರು. ಕುಡಿದದ್ದು ನಿಲ್ಲದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಜೋರಾದರೆ, ಮಗು ಮಂಕಾಗಿ ಮೂತ್ರ ಕಡಿಮೆಯಾದರೆ ಮನೆಮದ್ದು ನೋಡ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ ಅಥವಾ 108ಕ್ಕೆ ಫೋನ್ ಮಾಡಿ. ಚಿಕ್ಕ ಮಕ್ಕಳು, ವಯಸ್ಸಾದವರು, ಗರ್ಭಿಣಿಯರ ವಿಷಯದಲ್ಲಿ ಇನ್ನೂ ಬೇಗ.

ಅಂಗಡಿ, ಹೋಟೆಲಿನವರಿಗೆ

ಬಜ್ಜಿ, ಬೋಂಡಾ, ಇಡ್ಲಿಯನ್ನು ಪೇಪರಿನಲ್ಲಿ ಕಟ್ಟಿಕೊಡುವಂತಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮದಲ್ಲೇ ನ್ಯೂಸ್‌ಪೇಪರ್ ಬಳಕೆಗೆ ನಿಷೇಧ ಇದೆ, ಮುದ್ರಣದ ಶಾಯಿ ಎಣ್ಣೆಗೆ ಇಳಿಯುತ್ತೆ. ಪಾರ್ಸೆಲ್ ಒಯ್ಯುವ ಗಿರಾಕಿಗೆ ‘ಬೇಗ ಊಟ ಮಾಡಿಬಿಡಿ’ ಅಂತ ಒಂದು ಮಾತು ಹೇಳಿದರೆ ನಿಮ್ಮ ಹೆಸರಿಗೂ ಒಳ್ಳೇದು.

ಛತ್ರದಲ್ಲಿ ಅನ್ನ ಉಳಿದರೆ ದನಕ್ಕೆ ಹಾಕಿಬಿಡೋದು ನಮ್ಮಲ್ಲಿ ರೂಢಿ. ಬೇಯಿಸಿದ ಅನ್ನ ರಾಶಿಗಟ್ಟಲೆ ತಿಂದ ಹಸುವಿನ ಹೊಟ್ಟೆಯಲ್ಲಿ ಆಮ್ಲ ಏರಿ, ಮೆಲುಕು ನಿಂತು, ಸಾಯುವುದೂ ಉಂಟು. ಒಂದೆರಡು ಹಿಡಿ ಹಾಕಬಹುದು, ಬುಟ್ಟಿಗಟ್ಟಲೆ ಸುರಿಯಬೇಡಿ. ಪ್ಲಾಸ್ಟಿಕ್ ಕವರ್ ಸಮೇತ ಅಂತೂ ಬೇಡವೇ ಬೇಡ. ಹಳಸಿದ್ದೆಲ್ಲ ತಿಪ್ಪೆಗೆ ಹೋಗಲಿ, ಮೇಲೆ ಒಂದಷ್ಟು ಮಣ್ಣು ಎಳೆಯಿರಿ.