ಬಾಲ್ಕನಿಯ ಕುಂಡದಲ್ಲಿ ತುಳಸಿ ಮತ್ತು ಕಾಮಕಸ್ತೂರಿ

ಊರಿನ ಮನೆಗಳಲ್ಲಿ ತುಳಸಿ ಕಟ್ಟೆಯ ಸ್ಥಾನ ಅಂಗಳದ ನಡುವೆ, ತೆರೆದ ಬಿಸಿಲಿನಲ್ಲಿ. ಪುಣೆಯ ಶಿವಾಜಿನಗರದಂತಹ ಬಡಾವಣೆಗಳಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳಿಗೆ ಇಂದು ಬಾಲ್ಕನಿಯ ಒಂದು ಕುಂಡವೇ ಬೃಂದಾವನ. ಊರಿನಿಂದ ತಂದ ಸಸಿ ಕೆಲವೇ ತಿಂಗಳಲ್ಲಿ ಒಣಗಿದಾಗ ಮನೆಯ ಹಿರಿಯರು ಅದನ್ನು ಅಪಶಕುನವೆಂದು ನೊಂದುಕೊಳ್ಳುವುದುಂಟು. ವಾಸ್ತವವಾಗಿ ಇದಕ್ಕೆ ಮುಖ್ಯ ಕಾರಣಗಳು ಮೂರು: ಬಿಸಿಲಿನ ಕೊರತೆ, ಅತಿಯಾದ ನೀರು ಮತ್ತು ಗಿಡದಲ್ಲಿಯೇ ಬಲಿಯಲು ಬಿಟ್ಟ ಹೂತೆನೆ. ಈ ಮೂರಕ್ಕೂ ಪರಿಹಾರವಿದೆ.

ಎರಡು ಸೋದರ ಸಸ್ಯಗಳು: ತುಳಸಿಯ ಸಸ್ಯಶಾಸ್ತ್ರೀಯ ಹೆಸರು ಆಸಿಮಮ್ ಟೆನ್ಯುಯಿಫ್ಲೋರಮ್. ಹಸಿರೆಲೆಯ ಶ್ರೀತುಳಸಿ, ನೇರಳೆ ಛಾಯೆಯ ಕೃಷ್ಣತುಳಸಿ ಎರಡೂ ಇದೇ ಪ್ರಭೇದ. ಕಾಮಕಸ್ತೂರಿಯು ಆಸಿಮಮ್ ಬ್ಯಾಸಿಲಿಕಮ್. ಮರಾಠಿಯಲ್ಲಿ ಇದು ಸಬ್ಜಾ. ಇದರ ಬೀಜ ನೀರಿನಲ್ಲಿ ನೆನೆದು ಲೋಳೆಗಟ್ಟಿ ಶರಬತ್ತು, ಫಲೂದಾಗಳಿಗೆ ಸೇರುತ್ತದೆ. ಇಟಲಿಯ ಅಡುಗೆಯ ಬೇಸಿಲ್ ಕೂಡ ಇದೇ ಪ್ರಭೇದದ ತಳಿ. ಕಾಮಕಸ್ತೂರಿ ಸಾಮಾನ್ಯವಾಗಿ ಒಂದೇ ವರ್ಷದ ಗಿಡ. ತುಳಸಿ ಆರೈಕೆಯಿದ್ದರೆ ಎರಡು ಮೂರು ವರ್ಷ ಬಾಳುತ್ತದೆ.

ಮಣ್ಣು ಮತ್ತು ಹವೆ: ಪುಣೆಯ ಸುತ್ತಲಿನ ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕುಂಡಕ್ಕೆ ಹಾಗೆಯೇ ತುಂಬಬಾರದು. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ಮರಳು ಸೇರಿಸಿ, ತಳದಲ್ಲಿ ರಂಧ್ರವಿರುವ 10–12 ಅಂಗುಲದ ಕುಂಡಕ್ಕೆ ತುಂಬಬೇಕು. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಅಗತ್ಯ. ಹವಾಮಾನ ಇಲಾಖೆಯು 1928ರಲ್ಲಿ ಸಿಮ್ಲಾದಿಂದ ಶಿವಾಜಿನಗರಕ್ಕೆ ಬಂದುದರಿಂದ ಅದರ ಕಟ್ಟಡ ಇಂದಿಗೂ ಜನರ ಬಾಯಲ್ಲಿ ‘ಸಿಮ್ಲಾ ಆಫೀಸ್’. ಪುಣೆಯಲ್ಲಿ ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಅಂತಹ ಚಳಿಯಲ್ಲಿ ಗಿಡದ ಬೆಳವಣಿಗೆ ನಿಲ್ಲುತ್ತದೆ, ಕಾಮಕಸ್ತೂರಿಯ ಎಲೆ ಕಪ್ಪಾಗುತ್ತದೆ. ರಾತ್ರಿ ಕುಂಡವನ್ನು ಗೋಡೆಯ ಮಗ್ಗುಲಿಗೆ ಸರಿಸುವುದು ಒಳಿತು.

ಬಿತ್ತನೆ: ಕಾರಹುಣ್ಣಿಮೆಯ ಸುಮಾರಿಗೆ ಬಿತ್ತಿದರೆ ಕಾರ್ತಿಕದ ತುಳಸಿ ವಿವಾಹದ ವೇಳೆಗೆ ಗಿಡ ತುಂಬಿಕೊಂಡಿರುತ್ತದೆ. ಬೀಜ ಅತಿ ಸಣ್ಣದು. ಮೇಲೆ ತೆಳುವಾಗಿ ಮಣ್ಣು ಉದುರಿಸಿದರೆ ಸಾಕು. ಒಂದೆರಡು ವಾರಗಳಲ್ಲಿ ಮೊಳಕೆ ಕಾಣುತ್ತದೆ. ಎಳೆಯ ಸಸಿಗಳನ್ನು ಜಡಿಮಳೆಯಿಂದ ಕಾಪಾಡಬೇಕು.

ನೀರು ಮತ್ತು ಪೂಜೆ: ಬೆರಳಿನಿಂದ ಮುಟ್ಟಿದಾಗ ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕಬೇಕು. ಮಳೆಗಾಲದಲ್ಲಿ ನಿತ್ಯವೂ ಚೊಂಬು ತುಂಬ ನೀರೆರೆದರೆ ಬೇರು ಕೊಳೆಯುತ್ತದೆ. ಆ ದಿನಗಳಲ್ಲಿ ಪೂಜೆಗೆ ಒಂದು ಉದ್ಧರಣೆ ನೀರು ಸಾಕು. ಹಾಲು, ಸಕ್ಕರೆಗಳನ್ನು ಬುಡಕ್ಕೆ ಸುರಿದರೆ ಇರುವೆ, ಬೂಷ್ಟು ಸೇರುತ್ತವೆ. ಅರಿಸಿನ ಕುಂಕುಮವನ್ನು ಕುಂಡದ ಹೊರಮೈಗೆ ಹಚ್ಚಿ, ದೀಪವನ್ನು ಕಾಂಡದಿಂದ ಒಂದು ಗೇಣು ದೂರದಲ್ಲಿ ಇಡಬಹುದು.

ಕುಡಿ ಚಿವುಟುವುದು: ಹೂವು ಬೀಜವಾದಂತೆ ಗಿಡದ ಶಕ್ತಿ ಎಲೆಯಿಂದ ಬೀಜದತ್ತ ಹರಿದು ಕಾಂಡ ಕಟ್ಟಿಗೆಯಾಗುತ್ತದೆ. ಆದ್ದರಿಂದ ತೆನೆ ಮೂಡಿದ ಕೂಡಲೇ ಅದನ್ನು ಕೆಳಗಿನ ಒಂದು ಜೋಡಿ ಎಲೆಗಳೊಂದಿಗೆ ಚಿವುಟಬೇಕು. ದ್ವಾದಶಿಯಂದು ತುಳಸಿ ಕೊಯ್ಯದ ರೂಢಿಯಿರುವವರು ಉಳಿದ ದಿನಗಳಲ್ಲಿ ಹೀಗೆ ಚಿವುಟಿದ ಕುಡಿಯನ್ನೇ ಪೂಜೆಗೆ ಬಳಸಬಹುದು. ಚಿವುಟಿದೆಡೆ ಎರಡು ಕವಲುಗಳು ಒಡೆಯುತ್ತವೆ.

ಕೀಟ: ಹಿಟ್ಟು ತಿಗಣೆ ಕಂಡರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಬೇಕು. ಆನಂತರ ಕೆಲವು ದಿನ ಎಲೆಗಳನ್ನು ಸೇವಿಸಬಾರದು.

ಮುಂದಿನ ಪೀಳಿಗೆ: ವರ್ಷಕ್ಕೊಮ್ಮೆ ಎರಡು ತೆನೆಗಳನ್ನು ಮಾತ್ರ ಬಲಿಯಲು ಬಿಟ್ಟು, ಕಂದು ಬಣ್ಣಕ್ಕೆ ತಿರುಗಿದ ಮೇಲೆ ಬೀಜ ಉದುರಿಸಿ ಕಾಗದದ ಪೊಟ್ಟಣದಲ್ಲಿ ಇಡಬೇಕು. ಹೂವಿಲ್ಲದ ನಾಲ್ಕಂಗುಲದ ಎಳೆಯ ಕುಡಿಯ ಕೆಳಗಿನ ಎಲೆಗಳನ್ನು ತೆಗೆದು ನೀರಿನಲ್ಲಿಟ್ಟರೂ ಒಂದೆರಡು ವಾರಗಳಲ್ಲಿ ಬೇರು ಬಿಡುತ್ತದೆ. ಹೀಗೆ ಮಾಡಿದಲ್ಲಿ ಹಳೆಯ ಗಿಡ ಬಾಡಿದರೂ ತವರಿನಿಂದ ತಂದ ತುಳಸಿಯ ಸಂತತಿ ಮನೆಯಲ್ಲಿ ಉಳಿಯುತ್ತದೆ. ನೆರೆಹೊರೆಯವರಿಗೂ ಒಂದು ಸಸಿ ಕೊಡಬಹುದು.