ಶಿಕ್ಷಕರಿಗೆ ಆನ್‌ಲೈನ್ ತರಬೇತಿ: ನಡೆಸುವವರೂ ಸೇರುವವರೂ ತಿಳಿದಿರಬೇಕಾದ ವಿಷಯಗಳು

ನಮ್ಮ ಕರಾವಳಿಯಲ್ಲಿ ಚರ್ಚಿನ ಪಕ್ಕದಲ್ಲಿ ಒಂದು ಶಾಲೆ ಇರುವುದು ಸಾಮಾನ್ಯ. ಈ ಶಾಲೆಗಳ ಶಿಕ್ಷಕ ಶಿಕ್ಷಕಿಯರಿಗೆ ಹಿಂದೆ ತರಬೇತಿ ಎಂದರೆ ಮಂಗಳೂರಿಗೋ ಉಡುಪಿಗೋ ಬೆಳಗ್ಗಿನ ಬಸ್ಸು ಹತ್ತುವುದು, ಸಭಾಂಗಣದಲ್ಲಿ ದಿನವಿಡೀ ಕುಳಿತು ಕೇಳುವುದು, ಸಂಜೆ ಪ್ರಮಾಣಪತ್ರ ಹಿಡಿದು ಮರಳುವುದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಈ ಕ್ರಮ ಒಮ್ಮೆಲೇ ನಿಂತಿತು ಮತ್ತು ತರಬೇತಿ ಮೊಬೈಲಿಗೆ ಬಂತು. ಲಾಕ್‌ಡೌನ್ ಮುಗಿದರೂ ಆನ್‌ಲೈನ್ ತರಬೇತಿ ಮಾತ್ರ ಉಳಿದುಕೊಂಡಿದೆ. ಇಂತಹ ಕಾರ್ಯಕ್ರಮ ಹಮ್ಮಿಕೊಳ್ಳುವ ಶಾಲಾ ಸಂಚಾಲಕರಿಗೆ, ಮುಖ್ಯೋಪಾಧ್ಯಾಯರಿಗೆ, ಚರ್ಚ್ ಪಾಲನಾ ಮಂಡಳಿಯವರಿಗೆ ಹಾಗೂ ಅದರಲ್ಲಿ ಭಾಗವಹಿಸುವ ಶಿಕ್ಷಕರಿಗೆ ಉಪಯೋಗವಾಗುವ ಮಾಹಿತಿಯನ್ನು ಇಲ್ಲಿ ನೀಡಲು ಬಯಸುತ್ತೇವೆ.

ತರಬೇತಿ ಏಕೆ ಎಂಬ ಪ್ರಶ್ನೆಗೆ ಹೆಚ್ಚು ವಿವರಣೆ ಬೇಡ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ, ಶಿಕ್ಷಕರನ್ನು ಲೌಕಿಕ ಜ್ಞಾನದಲ್ಲೂ ಧಾರ್ಮಿಕ ಜ್ಞಾನದಲ್ಲೂ ಬಹಳ ಜಾಗ್ರತೆಯಿಂದ ಸಿದ್ಧಪಡಿಸಬೇಕು, ಅವರ ಬೋಧನಾ ಕೌಶಲ ಕಾಲಕ್ಕೆ ತಕ್ಕಂತಿರಬೇಕು ಎಂದು ಹೇಳಲಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಅಭಿವೃದ್ಧಿಯಲ್ಲಿ ತೊಡಗಬೇಕೆಂದು ನಿರೀಕ್ಷಿಸುತ್ತದೆ. ಸಿಬಿಎಸ್‌ಇ ಶಾಲೆಗಳಲ್ಲಿ ಇದು ಕಡ್ಡಾಯವೂ ಆಗಿದೆ. ಭಾನುವಾರದ ಧರ್ಮಶಿಕ್ಷಣ ನೀಡುವವರ ಸೇವೆಯನ್ನು ಪೋಪ್ ಫ್ರಾನ್ಸಿಸರು 2021ರ ಮೇ 10ರ ಪ್ರೇಷಿತ ಪತ್ರದ ಮೂಲಕ ಧರ್ಮಸಭೆಯ ಅಧಿಕೃತ ಸೇವಾಪದವಿಯಾಗಿ ಸ್ಥಾಪಿಸಿದ್ದು, ಅವರ ತರಬೇತಿಗೂ ಈ ಲೇಖನದ ಮಾತುಗಳು ಅನ್ವಯಿಸುತ್ತವೆ.

ಹೊರಗುಳಿಯುವವರು ಯಾರು?

ಇಲ್ಲಿ ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ನಮ್ಮ ಅನುದಾನಿತ ಕನ್ನಡ ಮಾಧ್ಯಮ ಶಾಲೆಗಳಲ್ಲಿ ನಿವೃತ್ತರಾದ ಶಿಕ್ಷಕರ ಹುದ್ದೆಗಳು ವರ್ಷಗಟ್ಟಲೆ ತುಂಬದೆ ಉಳಿದಿರುವುದರಿಂದ ಅನೇಕ ತರಗತಿಗಳನ್ನು ಆಡಳಿತ ಮಂಡಳಿ ನೇಮಿಸಿದ ಶಿಕ್ಷಕಿಯರು ನಡೆಸುತ್ತಿದ್ದಾರೆ. ಇವರ ಗೌರವಧನ ಅಲ್ಪ. ಶಾಲೆಗೆ ತರಬೇತಿಯ ಸುತ್ತೋಲೆ ಬಂದರೆ ಮೊದಲು ಸರ್ಕಾರಿ ವೇತನ ಪಡೆಯುವವರ ಹೆಸರು ಬರೆಯಲಾಗುತ್ತದೆ. ಇವರು ತರಗತಿ ನೋಡಿಕೊಳ್ಳಲು ಹಿಂದೆ ಉಳಿಯುತ್ತಾರೆ. ಅತಿ ಹೆಚ್ಚು ಬೆಂಬಲ ಬೇಕಾದವರಿಗೇ ಅದು ಸಿಗದಿರುವ ಈ ಸ್ಥಿತಿಯನ್ನು ಬದಲಿಸಲು ಆನ್‌ಲೈನ್ ಕೂಟ ಒಳ್ಳೆಯ ಅವಕಾಶ. ಅದಕ್ಕೆ ಬಸ್ಸಿನ ಖರ್ಚಿಲ್ಲ, ಶಾಲೆಗೆ ರಜೆಯೂ ಬೇಡ. ಆದರೆ ಕೂಟವನ್ನು ಅವರ ಕೈಯಲ್ಲಿರುವ ಸಾಮಾನ್ಯ ಮೊಬೈಲು, ಅವರ ಊರಿನ ನೆಟ್‌ವರ್ಕು, ಅವರ ಮನೆಯ ಕೆಲಸದ ವೇಳೆ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ರೂಪಿಸಿದರೆ ಮಾತ್ರ. ಪಟ್ಟಣದ ಕಾಲೇಜಿನ ವೇಗದ ಇಂಟರ್ನೆಟ್ಟನ್ನು ನಂಬಿ ರೂಪಿಸಿದರೆ ಹಳೆಯ ಅಸಮಾನತೆಯೇ ಹೊಸ ರೂಪದಲ್ಲಿ ಮುಂದುವರಿಯುತ್ತದೆ.

ಈಗಾಗಲೇ ಲಭ್ಯವಿರುವುದು

ಹೊಸದಾಗಿ ಏನನ್ನಾದರೂ ಆರಂಭಿಸುವ ಮೊದಲು ಇರುವುದನ್ನು ತಿಳಿದಿರುವುದು ಒಳ್ಳೆಯದು. ಕೇಂದ್ರ ಸರ್ಕಾರದ ‘ದೀಕ್ಷಾ’ ವೇದಿಕೆ 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ ಆರಂಭಗೊಂಡಿತು. 2019ರ ಆಗಸ್ಟ್‌ನಲ್ಲಿ ಮುಖಾಮುಖಿ ತರಬೇತಿಯಾಗಿ ಆರಂಭವಾದ ‘ನಿಷ್ಠಾ’ ಕಾರ್ಯಕ್ರಮ 2020ರ ಅಕ್ಟೋಬರ್‌ನಲ್ಲಿ ಇದೇ ದೀಕ್ಷಾ ಮೂಲಕ ಆನ್‌ಲೈನಿಗೆ ಬಂತು. ಅದರಲ್ಲಿ 18 ಕೋರ್ಸ್‌ಗಳಿದ್ದವು. ಬಳಿಕ ಪ್ರೌಢಶಾಲಾ ಶಿಕ್ಷಕರಿಗೆ ಹಾಗೂ ಆರಂಭಿಕ ಓದು, ಬರಹ, ಲೆಕ್ಕ ಕಲಿಸುವವರಿಗೆ ಬೇರೆ ಬೇರೆ ಹಂತಗಳು ಬಂದವು. ದೀಕ್ಷಾ ಆ್ಯಪಿನ ಪಾಠಗಳನ್ನು ನೆಟ್ ಇರುವಲ್ಲಿ ಇಳಿಸಿಕೊಂಡು ಮನೆಯಲ್ಲಿ ನೆಟ್ ಇಲ್ಲದೆಯೂ ನೋಡಬಹುದು ಎಂಬುದು ನಮ್ಮ ಮಲೆನಾಡ ಸೆರಗಿನ ಶಿಕ್ಷಕರಿಗೆ ಮುಖ್ಯ ಸಂಗತಿ. ಕೋರ್ಸಿನ ಕೊನೆಯ ದಿನಾಂಕವನ್ನು ಮೊದಲೇ ನೋಡಿಕೊಳ್ಳಿ. ಪ್ರಮಾಣಪತ್ರದಲ್ಲಿ ಬರಬೇಕಾದಂತೆಯೇ ಹೆಸರನ್ನು ಆರಂಭದಲ್ಲೇ ನಮೂದಿಸಿ. ‘ಡಿಸೋಜ’ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತಾರೆ ಎಂಬುದು ನಮ್ಮ ಓದುಗರಿಗೆ ಗೊತ್ತೇ ಇದೆ.

ಇದಲ್ಲದೆ 2017ರಿಂದ ಇರುವ ‘ಸ್ವಯಂ’ ವೇದಿಕೆಯಲ್ಲಿ ಉಚಿತವಾಗಿ ಕಲಿಯಬಹುದು. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಲು ಮಾತ್ರ ಶುಲ್ಕವಿದೆ. ಕನ್ನಡದಲ್ಲೇ ಸಾಮಗ್ರಿ ಬೇಕೆನ್ನುವವರು ‘ಟೆಸ್ ಇಂಡಿಯಾ’ದ ಕನ್ನಡ ಘಟಕಗಳನ್ನೂ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ಗಳನ್ನೂ ಬಳಸಬಹುದಾಗಿದೆ.

ಇವೆಲ್ಲ ಒಬ್ಬರೇ ಕುಳಿತು ಮುಗಿಸುವ ಪಾಠಗಳು. ಪ್ರಶ್ನೋತ್ತರ ಮುಗಿಸಿ ಅಂಕ ಪಡೆದರೂ ತರಗತಿಯಲ್ಲಿ ಏನೂ ಬದಲಾಗದೆ ಇರಬಹುದು. ಹತ್ತಿಪ್ಪತ್ತು ಶಿಕ್ಷಕರು ಸೇರಿ ಮಾತನಾಡುವ ಸ್ಥಳೀಯ ಕೂಟದ ಅಗತ್ಯವಿರುವುದು ಇಲ್ಲಿಯೇ.

ಕೂಟ ನಡೆಸುವವರಿಗೆ

ವಿಷಯ ಚಿಕ್ಕದಿರಲಿ. ‘ಪರಿಣಾಮಕಾರಿ ಬೋಧನೆ’ ಎಂಬ ದೊಡ್ಡ ಶೀರ್ಷಿಕೆಯಿಂದ ಯಾರಿಗೂ ಲಾಭವಿಲ್ಲ. ‘ಎರಡನೇ ತರಗತಿಯವರಿಗೆ ದಶಕ ತೆಗೆದು ಕಳೆಯುವ ಲೆಕ್ಕ’ ಎಂದಿರಲಿ. ಹಿಡಿಸೂಡಿಯ ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ, ಒಂದು ಕಟ್ಟು ಬಿಚ್ಚಿ ತೋರಿಸಲು ಹತ್ತು ನಿಮಿಷ ಸಾಕು. ಅಥವಾ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತನಾಡುವ ಮಗುವಿಗೆ ಕನ್ನಡ ಓದು ಹೇಗೆ ಕಲಿಸುವುದು ಎಂಬುದನ್ನು ಆರಿಸಿಕೊಳ್ಳಬಹುದು. ಈ ಕಷ್ಟ ನಮ್ಮ ಜಿಲ್ಲೆಗಳ ಪ್ರತಿ ಶಿಕ್ಷಕಿಗೂ ಇದೆ, ಹೊರಗಿನ ಸಂಪನ್ಮೂಲ ವ್ಯಕ್ತಿಗಳಿಗೆ ಅದು ಅಷ್ಟಾಗಿ ಗೊತ್ತಿರುವುದಿಲ್ಲ.

ಅವಧಿ ಒಂದು ಗಂಟೆ ಮೀರಬಾರದು. ಗೂಗಲ್ ಮೀಟ್‌ನ ಉಚಿತ ಸಭೆಗೆ ಮೂವರು ಅಥವಾ ಹೆಚ್ಚು ಮಂದಿ ಇದ್ದರೆ 60 ನಿಮಿಷ, ಜೂಮ್‌ನ ಉಚಿತ ಸಭೆಗೆ 40 ನಿಮಿಷದ ಮಿತಿಯಿದೆ. ಎರಡರಲ್ಲೂ 100 ಮಂದಿ ಸೇರಬಹುದು. ಈ ಮಿತಿ ಒಳ್ಳೆಯದೇ ಎಂದು ನಮ್ಮ ಅಭಿಪ್ರಾಯ. ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಪರಿಚಯ, ವಂದನಾರ್ಪಣೆ ಎಂದು ನಮ್ಮ ವೇದಿಕೆಯ ಸಂಪ್ರದಾಯವನ್ನೆಲ್ಲ ಪರದೆಗೆ ತಂದರೆ ವಿಷಯಕ್ಕೆ ಉಳಿಯುವುದು ಕಾಲು ಗಂಟೆ. ಒಂದು ಚಿಕ್ಕ ಪ್ರಾರ್ಥನೆ, ಬಳಿಕ ನೇರ ವಿಷಯ. ಅತಿಥಿಗಳ ಪರಿಚಯವನ್ನು ಹಿಂದಿನ ದಿನವೇ ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿದರಾಯಿತು. ಟಿಪ್ಪಣಿಯನ್ನೂ ಆಗಲೇ ಕಳುಹಿಸಿ, ಎರಡು ಪುಟದ ಪಿಡಿಎಫ್ ಆಗಿ. ಮಧ್ಯದಲ್ಲಿ ಸಂಪರ್ಕ ಕಡಿದವರಿಗೆ ಅದೇ ಆಧಾರ.

ದಿನ ಗೊತ್ತುಮಾಡುವಾಗ ಶಾಲಾ ಪರೀಕ್ಷೆ, ಮೌಲ್ಯಮಾಪನ ಮಾತ್ರವಲ್ಲದೆ ಚರ್ಚಿನ ಪಂಚಾಂಗವನ್ನೂ ನೋಡಬೇಕು. ನಮ್ಮ ಅನೇಕ ಶಿಕ್ಷಕಿಯರೇ ಗಾಯನ ಮಂಡಳಿಯಲ್ಲೂ ಸ್ತ್ರೀ ಸಂಘಟನೆಯಲ್ಲೂ ಇರುವವರು. ಪವಿತ್ರ ವಾರ, ಮೊಂತಿ ಹಬ್ಬದ ನವದಿನಗಳು, ಊರಿನ ವಾರ್ಷಿಕ ಹಬ್ಬ ಬೇಡ. ಅರ್ಧ ದಿನ ಶಾಲೆಯಿರುವ ಶನಿವಾರದ ಮಧ್ಯಾಹ್ನ ಅನುಕೂಲ. ರಾತ್ರಿ ಏಳು ಗಂಟೆ ಬೇಡವೇ ಬೇಡ. ಅದು ಅಡುಗೆಯ, ತೇರ್ಸದ ಹೊತ್ತು. ಮಳೆಗಾಲದಲ್ಲಿ ಜಿಲ್ಲಾಡಳಿತ ರಜೆ ಘೋಷಿಸಿದ ದಿನ ಆನ್‌ಲೈನ್ ತರಬೇತಿ ಇಡೋಣ ಎಂಬ ಸಲಹೆಯೂ ಬರುವುದುಂಟು. ರಜೆ ಕೊಡುವಂತಹ ಗಾಳಿ ಮಳೆಯ ದಿನವೇ ಕರೆಂಟೂ ಟವರೂ ಕೈಕೊಡುವುದು.

ನೆಟ್‌ವರ್ಕಿನ ಸಮಸ್ಯೆಯನ್ನು ಹಗುರವಾಗಿ ನೋಡುವಂತಿಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನಲ್ಲಿ ಸುರಿವ ಮಳೆಯಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುವ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ನೋಡಿತು. ಅಂಥ ಊರುಗಳಲ್ಲಿ ಶಿಕ್ಷಕರೂ ಇದ್ದಾರೆ. ಆದ್ದರಿಂದ ಭಾಷಣ ಮಾಡುವವರ ಹೊರತು ಉಳಿದವರು ವಿಡಿಯೋ ಮುಚ್ಚಿಡಲು ಮುಕ್ತ ಅವಕಾಶವಿರಲಿ. ಮುಖ ಕಾಣದಿದ್ದರೆ ಹಾಜರಿ ಇಲ್ಲ ಎಂಬ ನಿಯಮ ಅನ್ಯಾಯ. ಪೂರ್ತಿ ಸಂಪರ್ಕ ಸಿಗದ ನಾಲ್ಕೈದು ಮಂದಿಯನ್ನು ಸಾಧಾರಣ ಫೋನಿನ ಕಾನ್ಫರೆನ್ಸ್ ಕರೆಯಲ್ಲಿ ಸೇರಿಸಿ ಆ ಫೋನನ್ನು ಲ್ಯಾಪ್‌ಟಾಪಿನ ಬಳಿ ಇಟ್ಟರೆ ಅವರಿಗೂ ಮಾತು ಕೇಳಿಸುತ್ತದೆ.

ನಡೆಸಲು ಇಬ್ಬರು ಬೇಕು. ಒಬ್ಬರು ಮಾತಿನ ಕಡೆ, ಇನ್ನೊಬ್ಬರು ಬಾಗಿಲ ಕಡೆ: ಯಾರು ಬಂದರು, ಯಾರ ಮೈಕಿನಿಂದ ಕುಕ್ಕರಿನ ಸೀಟಿ ಕೇಳುತ್ತಿದೆ, ಚಾಟಿನಲ್ಲಿ ಯಾರು ಪ್ರಶ್ನೆ ಬರೆದರು ಎಂದು ನೋಡಲು. ಕೊಂಡಿಯನ್ನು ಸಾರ್ವಜನಿಕ ಗುಂಪುಗಳಿಗೆ ಹಾಕಬೇಡಿ. 2020ರಲ್ಲಿ ಅಪರಿಚಿತರು ಸಭೆಗಳಿಗೆ ನುಗ್ಗಿ ಅಸಭ್ಯ ಚಿತ್ರ ತೋರಿಸಿದ ಘಟನೆಗಳ ನಂತರವೇ ಆ ವರ್ಷದ ಏಪ್ರಿಲ್‌ನಲ್ಲಿ ಜೂಮ್ ಕಂಪೆನಿ ಪಾಸ್‌ವರ್ಡನ್ನೂ ಕಾಯುವ ಕೋಣೆಯನ್ನೂ ತಾನಾಗಿ ಅನ್ವಯಿಸುವಂತೆ ಮಾಡಿತು. ಮಕ್ಕಳ ಭಾವಚಿತ್ರ, ಅಂಕಪಟ್ಟಿ, ಹೆಸರಿರುವ ನೋಟ್‌ಬುಕ್ಕು ಪರದೆಯಲ್ಲಿ ಬರಬಾರದು. ಧ್ವನಿಮುದ್ರಣ ಮಾಡುವುದಾದರೆ ಮೊದಲೇ ತಿಳಿಸಿ, ಒಪ್ಪಿಗೆ ಪಡೆಯಿರಿ.

ಸೇರುವವರಿಗೆ

ಹತ್ತು ನಿಮಿಷ ಮುಂಚೆ ಸೇರಿರಿ. ಪರದೆಯಲ್ಲಿ ನಿಮ್ಮ ಹೆಸರೂ ಶಾಲೆಯ ಹೆಸರೂ ಕಾಣಲಿ. ಮಗನ ಆಟದ ಅಡ್ಡಹೆಸರಿನಲ್ಲಿ ಸೇರಿದವರನ್ನು ಒಳಗೆ ಬಿಡುವುದು ಕಷ್ಟ. ವಿಡಿಯೋ ತೆರೆದಿದ್ದರೆ ಡೇಟಾ ಬೇಗ ಮುಗಿಯುತ್ತದೆ ಎಂಬುದನ್ನು ನೆನಪಿಡಿ. ಮಾತನಾಡಲು ಸಂಕೋಚವಾದರೆ ಚಾಟಿನಲ್ಲಿ ಕನ್ನಡದಲ್ಲೇ ಬರೆಯಿರಿ. ಮನೆಯವರಿಗೂ ಒಂದು ಮಾತು: ಆ ಒಂದು ಗಂಟೆ ಅವರು ಶಾಲೆಯಲ್ಲಿದ್ದಾರೆ ಎಂದೇ ತಿಳಿಯಿರಿ. ಚಹಾ ಕೇಳಬೇಡಿ.

ಕೂಟ ಮುಗಿದ ಬಳಿಕದ ಹದಿನೈದು ದಿನ ಕೂಟಕ್ಕಿಂತ ಮುಖ್ಯ. ಕಲಿತ ಒಂದು ವಿಧಾನವನ್ನು ತರಗತಿಯಲ್ಲಿ ಮಾಡಿ ನೋಡಿ, ಏನಾಯಿತು ಎಂದು ಒಂದು ನಿಮಿಷದ ಧ್ವನಿ ಸಂದೇಶ ಕಳುಹಿಸುವುದು, ಮುಂದಿನ ಕೂಟವನ್ನು ಆ ಸಂದೇಶಗಳಿಂದಲೇ ಆರಂಭಿಸುವುದು: ಹೀಗೆ ಮಾಡಿದರೆ ಸರಣಿ ಮುಂದುವರಿಯುತ್ತದೆ. ‘ಮಕ್ಕಳಿಗೆ ಅರ್ಥವಾಗಲಿಲ್ಲ’ ಎಂಬ ಸಂದೇಶವೂ ಬರಲಿ. ಪ್ರಮಾಣಪತ್ರವನ್ನು ಮೊದಲ ದಿನವೇ ಕೊಡದೆ ಈ ಎರಡನೆಯ ಕೂಟದ ನಂತರ ಕೊಡುವುದು ಉತ್ತಮ.

ಚರ್ಚ್ ಏನು ಮಾಡಬಹುದು?

ಹೆಚ್ಚು ಹಣ ಬೇಕಿಲ್ಲ. ಆಡಳಿತ ಮಂಡಳಿಯಿಂದ ನೇಮಕಗೊಂಡವರ ಡೇಟಾ ಖರ್ಚನ್ನು ಶಾಲೆ ಭರಿಸಲಿ, ತರಬೇತಿಯ ಗಂಟೆಗಳನ್ನು ಅವರ ಸೇವಾ ದಾಖಲೆಯಲ್ಲಿ ಬರೆಯಲಿ. ಫೈಬರ್ ಸಂಪರ್ಕವಿರುವ ಚರ್ಚ್ ಕಚೇರಿ ಅಥವಾ ಸಮುದಾಯ ಭವನವನ್ನು ಆ ಒಂದು ಗಂಟೆ ಅಕ್ಕಪಕ್ಕದ ಶಾಲೆಯವರಿಗೂ, ಅಂಗನವಾಡಿ ಹಾಗೂ ಸರ್ಕಾರಿ ಶಾಲೆಯವರಿಗೂ ತೆರೆದಿಡಬಹುದು. ಒಂದು ಲ್ಯಾಪ್‌ಟಾಪು, ಒಂದು ಧ್ವನಿವರ್ಧಕ, ಗೋಡೆಗೆ ಪ್ರೊಜೆಕ್ಟರ್ ಇದ್ದರೆ ಎಂಟು ಹತ್ತು ಮಂದಿ ಒಟ್ಟಿಗೆ ಕುಳಿತು ನೋಡಬಹುದು, ಮಧ್ಯೆ ತಮ್ಮೊಳಗೆ ಚರ್ಚಿಸಲೂಬಹುದು. ಒಬ್ಬೊಬ್ಬರೇ ಮನೆಯಲ್ಲಿ ಕೇಳುವುದಕ್ಕಿಂತ ಇದೇ ಮೇಲು ಎಂದು ನಮಗೆ ಅನಿಸುತ್ತದೆ. ಇನ್ವರ್ಟರ್ ಇದ್ದರೆ ರೂಟರಿನ ಪ್ಲಗ್ಗೂ ಅದರ ಲೈನಿನಲ್ಲೇ ಇದೆಯೇ ಎಂದು ಒಮ್ಮೆ ಮೈನ್ ಸ್ವಿಚ್ ಆಫ್ ಮಾಡಿ ಪರೀಕ್ಷಿಸಿಕೊಳ್ಳಿ. ಫ್ಯಾನು ತಿರುಗುತ್ತಿದ್ದು ನೆಟ್ ಮಾತ್ರ ಹೋಗುವುದು ನಮ್ಮ ಕಚೇರಿಗಳಲ್ಲಿ ಅಪರೂಪವಲ್ಲ.