ಹುನಗುಂದ ಸೀಮೆಯ ಶಾಲೆಯ ಬುತ್ತಿ

ಕೃಷ್ಣಾ, ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮದ ಸುತ್ತಮುತ್ತ ಎರೆ ಹೊಲಗಳಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ ಬೆಳೆದರೆ ಮಸಾರಿಯಲ್ಲಿ ಸಜ್ಜೆ, ಶೇಂಗಾ ಬೆಳೆಯುತ್ತವೆ. ಶಾಲೆಗೆ ಹೋಗುವ ಮಕ್ಕಳ ಬುತ್ತಿಯೂ ಬಹುಕಾಲ ಇವುಗಳಿಂದಲೇ ತುಂಬುತ್ತಿತ್ತು. ಹೊಲಕ್ಕೆ ಹೋಗುವವರಿಗೆ ಬಡಿದ ರೊಟ್ಟಿಯಲ್ಲೇ ಒಂದು ಪಾಲು ಮಕ್ಕಳಿಗೆ. ಅರಿವೆ ಹಾಸಿ, ರೊಟ್ಟಿಯ ಮೇಲೆ ಮಡಕಿಕಾಳಿನ ಗಟ್ಟಿ ಪಲ್ಯ ಹಾಕಿ, ಮಗ್ಗುಲಿಗೆ ಶೇಂಗಾ ಹಿಂಡಿ ಇಲ್ಲವೇ ಗುರೆಳ್ಳು ಚಟ್ನಿ ಉದುರಿಸಿ, ಮಡಿಚಿ ಗಂಟು ಕಟ್ಟುತ್ತಿದ್ದರು. ಮೆತ್ತನೆಯ ರೊಟ್ಟಿ ಅಂದಿನ ದಿನಕ್ಕೆ ಮಾತ್ರ. ಪರಊರಲ್ಲಿ ಉಳಿದು ಓದುವ ಹುಡುಗರಿಗೆ ವಾರಗಟ್ಟಲೆ ಕೆಡದ ಖಡಕ್ ರೊಟ್ಟಿ ಹೋಗುತ್ತಿತ್ತು. ಜೋಳದ ನಾರು, ಸಜ್ಜೆಯ ಕಬ್ಬಿಣಾಂಶ, ಕಾಳು ಶೇಂಗಾಗಳ ಪ್ರೋಟೀನು, ಜತೆಗೆ ಹಸಿ ಉಳ್ಳಾಗಡ್ಡಿ, ಹಕ್ಕರಕಿ ತಪ್ಪಲ: ಗುಣದಲ್ಲಿ ಈ ಬುತ್ತಿಗೆ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಪ್ರಮಾಣದಲ್ಲಿ. ಮಳೆ ಕೈಕೊಟ್ಟ ವರ್ಷ ಕೂಲಿಕಾರರ ಮನೆಯ ಮಗು ಬರಿಗೈಲಿ ಬರುತ್ತಿತ್ತು, ಇಲ್ಲವೇ ಶಾಲೆಯನ್ನೇ ಬಿಡುತ್ತಿತ್ತು.

ಸರ್ಕಾರದ ಊಟ ಬಂದದ್ದು ಹಂತಹಂತವಾಗಿ. 1960ರ ದಶಕದಿಂದ ಕೇರ್ ಎಂಬ ಪರಿಹಾರ ಸಂಸ್ಥೆಯ ನೆರವಿನಲ್ಲಿ ಅಮೆರಿಕದ ಗೋಧಿ ರವೆಯ ಉಪ್ಪಿಟ್ಟು, ಹಾಲಿನ ಪುಡಿ ರಾಜ್ಯದ ಹಲವು ಶಾಲೆಗಳಿಗೆ ಬಂದವು. 1995ರ ಆಗಸ್ಟ್ 15ರಂದು ಶುರುವಾದ ಕೇಂದ್ರದ ಯೋಜನೆಯಲ್ಲಿ ಹಾಜರಾತಿ ಇದ್ದ ಮಕ್ಕಳಿಗೆ ತಿಂಗಳಿಗೆ 3 ಕಿಲೊ ಧಾನ್ಯ ಕೊಡುತ್ತಿದ್ದರು. ಅದು ಮನೆಯವರೆಲ್ಲರ ಗಂಗಾಳಕ್ಕೆ ಹಂಚಿಹೋಗುತ್ತಿತ್ತು. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. 2002ರಲ್ಲಿ ಹುನಗುಂದ ಇರುವ ಬಾಗಲಕೋಟೆಯೂ ಸೇರಿ ಉತ್ತರದ 7 ಜಿಲ್ಲೆಗಳಲ್ಲಿ ಮೊದಲಿಗೆ ಬಿಸಿಯೂಟ ಆರಂಭವಾಯಿತು. ಯೋಜನೆಗೆ ಶರಣರ ಪರಂಪರೆಯಿಂದ ಅಕ್ಷರ ದಾಸೋಹ ಎಂಬ ಹೆಸರು ಬಂತು. ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿ ಉಣಿಸುವ ಕೆಲಸಕ್ಕೆ ಅದಕ್ಕಿಂತ ಒಪ್ಪುವ ಹೆಸರಿಲ್ಲ.

ಕಿರಿಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ಎಂಬುದು ನಿಗದಿ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯ ಯೋಜನೆಯ ಹಾಲು, ಈಚೆಗೆ ಮೊಟ್ಟೆ, ಬಾಳೆಹಣ್ಣು ಸೇರಿವೆ; ಕೆಲಕಾಲ ಶೇಂಗಾ ಚಿಕ್ಕಿಯೂ ಇತ್ತು.

ಆದರೆ ಗಂಗಾಳದ ಧಾನ್ಯ ಬದಲಾಯಿತು. ಆಹಾರ ನಿಗಮದ ಗೋದಾಮಿನಿಂದ ಬರುವುದು ಅಕ್ಕಿ, ಗೋಧಿ. ಅನ್ನ ಸಾಂಬಾರನ್ನು ನೂರಾರು ಮಕ್ಕಳಿಗೆ ಒಂದೇ ಸಲ ಬೇಯಿಸಬಹುದು. ರೊಟ್ಟಿಯನ್ನೋ ಬಿಸಿನೀರಲ್ಲಿ ಹಿಟ್ಟು ನಾದಿ, ಒಂದೊಂದಾಗಿ ಬಡಿದು, ಹಂಚಿನ ಮೇಲೆ ನೀರು ಸವರಿ ಬೇಯಿಸಬೇಕು. ಇಬ್ಬರು ಮೂವರು ಅಡುಗೆಯವರಿಂದ ಆಗುವ ಕೆಲಸವಲ್ಲ. ಆದರೂ ಖಡಕ್ ರೊಟ್ಟಿಯನ್ನು ಮೊದಲೇ ಮಾಡಿಡಬಹುದು, ಅದನ್ನು ಮಾಡಿ ಮಾರುವ ಹೆಣ್ಣುಮಕ್ಕಳ ಸಂಘಗಳು ಈ ಭಾಗದಲ್ಲೇ ಇವೆ. ಜೋಳ ಬೆಳೆಯುವ ತಾಲ್ಲೂಕಿನ ಶಾಲೆಗಳಲ್ಲಿ ವಾರಕ್ಕೆ ಒಂದು ದಿನವಾದರೂ ರೊಟ್ಟಿ, ಕಾಳುಪಲ್ಯ ಬಡಿಸುವ ಏರ್ಪಾಡು ಆಗಬೇಕು.